ಕೆರೆಯ ಹಸಿರನ್ನು ಎಣಿಸಿದವರು

ಮೊನ್ನೆ ಸಕಲೇಶಪುರಕ್ಕೆ ಹೋಗಿದ್ದಾಗ ತೋಟದ ಕೆರೆ ಪೂರ್ತಿ ಹಸಿರಾಗಿತ್ತು. "ಪಾಚಿ ಕಣೋ, ಸ್ಪ್ರಿಂಕ್ಲರ್ ಕಟ್ಕೊಳ್ಳತ್ತೆ" ಅಂದ್ರು ಅಪ್ಪ. ಈ ಹಸಿರಲ್ಲಿ ಎಷ್ಟು ಜೀವ ಇದೆ, ಎಣಿಸೋದು ಹೇಗೆ ಅಂತ ತಲೆಗೆ ಹುಳ ಬಿಟ್ಕೊಂಡೆ. ಹುಡುಕಿದಾಗ ಸಿಕ್ಕಿದ ಕಥೆ ಇದು.

ಮೊದಲು ಇದ್ದದ್ದು ಸೂಕ್ಷ್ಮದರ್ಶಕ ಮತ್ತು ತಾಳ್ಮೆ, ಎರಡೇ. ನಮ್ಮ ಮಲೆನಾಡಲ್ಲೇ ಆ ಕೆಲಸ ಮಾಡಿದವರು ಎಚ್. ಪಿ. ಗಾಂಧಿ. ಗಾಜಿನಂಥ ಸಿಲಿಕಾ ಚಿಪ್ಪಿನೊಳಗೆ ಬದುಕುವ ಒಂಟಿಕೋಶದ ಡಯಾಟಮ್‌ಗಳು ಅವರ ವಿಷಯ. 1957ರಲ್ಲಿ ಜೋಗ, 1958ರಲ್ಲಿ ಹಿರೇಭಾಸ್ಕರ ಅಣೆಕಟ್ಟಿನ ಪ್ರದೇಶ, 1959ರಲ್ಲಿ ಸಾಗರದ ಡಯಾಟಮ್‌ಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಚಿಪ್ಪಿನ ಮೇಲಿನ ಗೆರೆ ನೋಡಿ ನೋಡಿ ಹೆಸರು ಹಿಡಿಯುವ ಕೆಲಸ!

ಅತ್ತ ಅಮೆರಿಕದಲ್ಲಿ, ರಕ್ತಕಣಗಳನ್ನು ಸಣ್ಣ ತೂತಿನಲ್ಲಿ ಹಾಯಿಸಿ ವಿದ್ಯುತ್ತಿನ ಏರಿಳಿತದಿಂದ ಎಣಿಸುವ ಉಪಾಯಕ್ಕೆ 1953ರಲ್ಲಿ ವ್ಯಾಲೇಸ್ ಕೌಲ್ಟರ್ ಪೇಟೆಂಟ್ ಪಡೆದ. 1965ರಲ್ಲಿ ಮ್ಯಾಕ್ ಫುಲ್‌ವೈಲರ್ ಕಣಗಳನ್ನು ಹನಿಹನಿಯಾಗಿ ಬೇರ್ಪಡಿಸಿ ತೋರಿಸಿದ. ಆಮೇಲೆ ಲೇಸರ್ ಸೇರಿಕೊಂಡಿತು. ಇದೇ ಫ್ಲೋ ಸೈಟೋಮೀಟರ್. ಕೋಶಗಳು ಸಾಲಾಗಿ ಬೆಳಕಿನ ಮುಂದೆ ಹಾಯುತ್ತವೆ. ಚದುರಿದ ಬೆಳಕು ಗಾತ್ರದ ಸುಳಿವು ಕೊಡುತ್ತೆ. ಸೆಕೆಂಡಿಗೆ ಸಾವಿರಾರು ಕೋಶ! ಪಾಚಿಗಂತೂ ಬಣ್ಣ ಹಚ್ಚೋದೂ ಬೇಡ. ನೀಲಿ ಬೆಳಕು ಬಿದ್ದರೆ ಅದರ ಕ್ಲೋರೋಫಿಲ್ ತಾನೇ ಕೆಂಪಗೆ ಹೊಳೆಯುತ್ತೆ.

ರಕ್ತಕ್ಕೆ ಮಾಡಿದ್ದನ್ನು ಸಮುದ್ರದ ನೀರಿಗೂ ಬಳಸಬಹುದು ಅಂತ 1983ರಲ್ಲಿ ಕ್ಲಾರಿಸ್ ಯೆಂಟ್ಶ್ ಮತ್ತು ಜೊತೆಗಾರರು ಬರೆದರು. ಸ್ಯಾಲಿ ಚಿಸೋಮ್ ಮತ್ತು ರಾಬ್ ಓಲ್ಸನ್ ಯಂತ್ರವನ್ನು ಹಡಗಿಗೇ ಹತ್ತಿಸಿದರು. ಪರದೆಯ ಮೂಲೆಯಲ್ಲಿ ಮಂಕು ಚುಕ್ಕೆಗಳು. ಮೊದಲು ಅದು ಯಂತ್ರದ ಗದ್ದಲ ಅಂದುಕೊಂಡರಂತೆ (ನಾವೂ ಲಾಗ್ ನೋಡುವಾಗ ಹಾಗೇ ಅಲ್ವಾ ಅನ್ನೋದು!). ಅದು ಗದ್ದಲ ಆಗಿರಲಿಲ್ಲ. ಸುಮಾರು 0.6 ಮೈಕ್ರಾನ್ ಗಾತ್ರದ ಪ್ರೊಕ್ಲೊರೊಕಾಕಸ್. 1988ರಲ್ಲಿ 'ನೇಚರ್'ನಲ್ಲಿ ವರದಿಯಾಯಿತು. ಭೂಮಿಯಲ್ಲಿ ದ್ಯುತಿಸಂಶ್ಲೇಷಣೆ ಮಾಡುವ ಜೀವಿಗಳಲ್ಲಿ ಇದರದ್ದೇ ಅತಿ ದೊಡ್ಡ ಸಂಖ್ಯೆ. ಅಲ್ಲಿಯವರೆಗೆ ಅದು ಏನು ಅಂತ ಯಾರೂ ಗುರುತಿಸಿರಲಿಲ್ಲ.

ಹಾಗಾದ್ರೆ ಗಾಂಧಿಯವರ ಕೆಲಸ ಹಳತಾಯ್ತಾ? ನನಗೆ ಹಾಗನ್ನಿಸಲ್ಲ. ಯಂತ್ರ ಎಣಿಸುತ್ತೆ, ಗುಂಪು ಮಾಡುತ್ತೆ. ಆದರೆ ಆ ಚುಕ್ಕೆ ಯಾವ ಪ್ರಭೇದ ಅಂತ ಹೇಳೋಕೆ ಗೆರೆ ಓದಬಲ್ಲ ಕಣ್ಣು ಬೇಕು. 1948ರ ಹಿರೇಭಾಸ್ಕರ ಅಣೆಕಟ್ಟು, 1964ರ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ಈಗ ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮಾತ್ರ ಕಾಣುತ್ತೆ. ಮುಳುಗುವ ಮೊದಲು ಅಲ್ಲಿನ ನೀರಲ್ಲಿ ಏನಿತ್ತು ಅನ್ನೋ ಪಟ್ಟಿ ಮಾತ್ರ ಉಳಿದಿದೆ.

ನಾಳೆ ನಮ್ಮ ಹೇಮಾವತಿ ಬದಲಾಯಿತು ಅನ್ನಬೇಕಾದರೂ ಇವತ್ತಿನ ಪಟ್ಟಿ ಕೈಯಲ್ಲಿರಬೇಕಲ್ವಾ? ಎಣಿಕೆಯೂ ಬೇಕು, ಹೆಸರೂ ಬೇಕು.

ಅಪ್ಪನಿಗೆ ಇಷ್ಟೆಲ್ಲ ಹೇಳಿದೆ. "ಸರಿ, ಮೊದ್ಲು ಫಿಲ್ಟರ್ ತೊಳಿ" ಅಂದ್ರು :)