ಕಂಬ ಯಾರದು?

ವೈಫೈ ಡಬ್ಬಿಯನ್ನು ಮನೆಯಾಚೆ ಕೂರಿಸಲು 2005ರಿಂದ ತರಂಗದ ಲೈಸೆನ್ಸ್ ಬೇಡ, 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಸರ್ಕಾರ ಆಗಲೇ ಬಿಟ್ಟುಕೊಟ್ಟಿತು. ಆದ್ರ ಕಂಬ ಬೇಕಲ್ರೀ, ಕರೆಂಟೂ ಬೇಕು!

ಗೋಕಾಕದಲ್ಲಿ 1880ರ ದಶಕದಲ್ಲೇ ಘಟಪ್ರಭೆಯ ಧಬಧಬೆ ಗಿರಣಿಯ ಯಂತ್ರ ತಿರುಗಿಸಿತು. ಆ ಶಕ್ತಿ ಗಿರಣಿಗಾಯ್ತು, ಹಳ್ಳಿಗಲ್ಲ. ಹುಕ್ಕೇರಿಯವರು 1969ರಲ್ಲಿ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿದರು. ದೇಶದಲ್ಲಿ ಪ್ರಯೋಗಕ್ಕಂತ ಆರಿಸಿದ ಮೊದಲ ಐದರಲ್ಲಿ ಅದೂ ಒಂದು. ಅದಕ್ಕೇ ಕರೆಂಟ್ ಕಂಬಕ್ಕೆ ಡಬ್ಬಿ ಕಟ್ಟಬೇಕಂದ್ರ ಗೋಕಾಕ, ಮೂಡಲಗಿಯವರು ಹೆಸ್ಕಾಂ ಬಾಗಿಲಿಗೆ ಹೋಗಬೇಕು, ಹುಕ್ಕೇರಿಯವರು ತಾವೇ ಷೇರುದಾರರಾದ ಸಂಘಕ್ಕೆ.

ಎಲ್ಲೇ ಕಟ್ಟಿದ್ರೂ ಡಬ್ಬಿ ಕಬ್ಬಿನ ಸುಳಿಗಿಂತ ಮೇಲಿರಲಿ, ಹಸಿ ಎಲೆ ಸಿಗ್ನಲ್ ನುಂಗ್ತದ. ಕರೆಂಟ್ ತಂತಿಗಿಂತ ಮಾತ್ರ ಸಾಕಷ್ಟು ಕೆಳಗೆ.