ಪರದೇಶದ ವಿದ್ಯೆಯೂ ದಾತೃಗಳ ದ್ರವ್ಯವೂ

ವಿದ್ಯಾರ್ಜನೆಗಾಗಿ ದೇಶಾಂತರಕ್ಕೆ ಹೋಗುವವನಿಗೆ ದಾರಿಯ ವೆಚ್ಚ, ಅನ್ನವಸತಿಗಳ ವೆಚ್ಚ, ಗುರುದಕ್ಷಿಣೆಯ ವೆಚ್ಚ ಎಂದು ಮೂರು ವೆಚ್ಚಗಳು ಒಮ್ಮೆಗೇ ಎದುರಾಗುವುವು. ಇವೆಲ್ಲವನ್ನೂ ಮನೆಯ ಗಂಟಿನಿಂದಲೇ ತೀರಿಸಬಲ್ಲವರು ಯಾವ ಕಾಲದಲ್ಲಿಯೂ ಕೆಲವರೇ. ಯೂರೋಪಖಂಡದಲ್ಲಿ ವಿಶ್ವವಿದ್ಯಾಲಯಗಳು ತಲೆಯೆತ್ತಿ ಎಂಟುನೂರು ವರ್ಷಗಳ ಮೇಲಾಯಿತು. ಅಂದಿನಿಂದ ಅಲ್ಲಿಗೆ ದೂರದ ನಾಡುಗಳಿಂದ ಹೋಗಿ ಓದಿದ ಬಡ ವಿದ್ಯಾರ್ಥಿಗಳ ಬೆನ್ನಹಿಂದೆ ಒಬ್ಬ ದಾತೃವೋ, ಒಂದು ಸಂಸ್ಥಾನವೋ, ಒಂದು ದತ್ತಿಯೋ ನಿಂತಿರುವುದು ಕಾಣಬರುತ್ತದೆ. ಆದರೆ ದಾತೃಗಳೆಲ್ಲರೂ ಒಂದೇ ರೀತಿಯಲ್ಲಿ ಕೊಟ್ಟವರಲ್ಲ. ಕೆಲವರು ದಾನವಾಗಿ ಕೊಟ್ಟರು, ಕೆಲವರು ಸಾಲವಾಗಿ ಕೊಟ್ಟರು, ಮತ್ತೆ ಕೆಲವರು ಕರಾರು ಬರೆಯಿಸಿಕೊಂಡು ಕೊಟ್ಟರು. ಕೊಟ್ಟ ಹಣವೆಷ್ಟು ಎಂಬುದಕ್ಕಿಂತಲೂ ಪಡೆದವನು ಯಾವ ಋಣವನ್ನು ಹೊತ್ತು ನಡೆದನು ಎಂಬುದೇ ಇಲ್ಲಿ ಹೆಚ್ಚು ವಿಚಾರಾರ್ಹವಾದುದು.

ಹನ್ನೆರಡನೆಯ ಶತಮಾನದಲ್ಲಿ ಇಟಲಿಯ ಬೊಲೋನಾ ಪಟ್ಟಣವು ಧರ್ಮಶಾಸನ ನ್ಯಾಯಶಾಸನಗಳ ಪಾಠಕ್ಕೆ ಹೆಸರಾಗಿದ್ದಿತು. ಆಲ್ಪ್ಸ್ ಪರ್ವತಗಳನ್ನು ದಾಟಿ ಜರ್ಮನ್ ಸೀಮೆಗಳಿಂದಲೂ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಆ ಕಾಲದಲ್ಲಿ ಒಂದು ಕ್ರೂರವಾದ ರೂಢಿಯಿದ್ದಿತು. ಪರನಾಡಿನವನೊಬ್ಬನು ಸಾಲಮಾಡಿ ಓಡಿಹೋದರೆ ಸಾಲ ಕೊಟ್ಟವರು ಅವನ ನಾಡಿನ ಬೇರೆ ಯಾರನ್ನಾದರೂ ಹಿಡಿದು ವಸೂಲು ಮಾಡಿಕೊಳ್ಳುತ್ತಿದ್ದರು. ಪಾಠವನ್ನುಳಿದು ಬೇರೇನನ್ನೂ ಅರಿಯದ ವಿದ್ಯಾರ್ಥಿಯು ಹೀಗೆ ಕಂಡರಿಯದವನ ಸಾಲಕ್ಕೆ ಸಿಕ್ಕಿಬೀಳುತ್ತಿದ್ದನು. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನು ೧೧೫೫ರ ಸುಮಾರಿಗೆ ಕೊಟ್ಟು ೧೧೫೮ರಲ್ಲಿ ಸ್ಥಿರಪಡಿಸಿದ ಶಾಸನವು ಈ ರೂಢಿಯನ್ನು ವಿದ್ಯಾರ್ಥಿಗಳ ಮಟ್ಟಿಗೆ ನಿಲ್ಲಿಸಿ, ಓದಲು ಸಂಚರಿಸುವವರಿಗೆ ದಾರಿಯಲ್ಲಿಯೂ ಊರಿನಲ್ಲಿಯೂ ಅಭಯವನ್ನಿತ್ತಿತು. ಆ ಶಾಸನದಿಂದ ಯಾರ ಕೈಗೂ ಒಂದು ಕಾಸು ಬರಲಿಲ್ಲ. ಆದರೂ ವಿದ್ಯಾರ್ಥಿಯ ಕೊರಳಿನಿಂದ ಪರರ ಸಾಲವನ್ನು ಇಳಿಸಿದುದು ಸಾಮಾನ್ಯವಾದ ಉಪಕಾರವಲ್ಲ.

ಕೈಗೆ ಕಾಸು ಬರುವ ಮಾರ್ಗವನ್ನು ತೆರೆದುದು ಕ್ರೈಸ್ತ ಧರ್ಮಪೀಠವು. ಗ್ರಾಮದ ಚರ್ಚಿಗೆ ಉಂಬಳಿಯಂತೆ ಉತ್ಪನ್ನವಿರುತ್ತಿದ್ದಿತು. ಅದನ್ನು ಅನುಭವಿಸುವ ಪಾದ್ರಿಯು ಊರಿನಲ್ಲಿದ್ದು ಸೇವೆ ಮಾಡಬೇಕೆಂಬುದು ನಿಯಮವು. ಮೂರನೆಯ ಹೊನೋರಿಯಸ್ ಎಂಬ ಪೋಪನು ೧೨೧೯ರಲ್ಲಿ ಈ ನಿಯಮವನ್ನು ಸಡಿಲಿಸಿ, ದೇವತಾಶಾಸ್ತ್ರವನ್ನು ಓದುವವರು ಐದು ವರ್ಷಗಳವರೆಗೆ ಊರನ್ನು ಬಿಟ್ಟಿದ್ದರೂ ಆ ಉತ್ಪನ್ನವನ್ನು ಪಡೆಯಬಹುದೆಂದು ಅಪ್ಪಣೆಯಿತ್ತನು. ಅನೇಕರು ಈ ಬಲದಿಂದಲೇ ಪ್ಯಾರಿಸ್ ನಗರದಲ್ಲಿ ಓದಿದರು. ಆ ಹಣವು ರೈತರ ಕಣದಿಂದ ಬಂದುದಾಗಿದ್ದಿತು. ತಮ್ಮ ಪಾದ್ರಿಯು ದೂರದಲ್ಲಿ ಕುಳಿತು ಓದುವುದು ರೈತರಿಗೆ ಸಮ್ಮತವೋ ಎಂದು ಅವರನ್ನು ಕೇಳುವ ಪದ್ಧತಿ ಮಾತ್ರ ಇರಲಿಲ್ಲ.

ಪ್ಯಾರಿಸ್ಸಿನಲ್ಲಿ ಬಡ ವಿದ್ಯಾರ್ಥಿಗಳಿಗೆ ಮೊದಲು ಆಸರೆ ಮಾಡಿಕೊಟ್ಟವನು ಆ ದೇಶದವನಲ್ಲವೆಂಬುದು ಗಮನಿಸತಕ್ಕುದು. ಲಂಡನ್ನಿನ ಜೋಸಿಯಸ್ ಎಂಬವನು ಜೆರುಸಲೇಮಿನ ಯಾತ್ರೆಯಿಂದ ಮರಳುವಾಗ ಆ ನಗರದ ಆಸ್ಪತ್ರೆಯಲ್ಲಿ ಬಡ ವಿದ್ಯಾರ್ಥಿಗಳು ಮಲಗುತ್ತಿದ್ದ ಕೋಣೆಯನ್ನು ಕಂಡು, ೧೧೮೦ರಲ್ಲಿ ಅದನ್ನು ಕ್ರಯಕ್ಕೆ ಕೊಂಡು ಹದಿನೆಂಟು ಮಂದಿಗೆ ಶಾಶ್ವತವಾಗಿ ಬಿಟ್ಟುಕೊಟ್ಟನು. ಅದಕ್ಕೆ ಪ್ರತಿಯಾಗಿ ಅವರು ಆಸ್ಪತ್ರೆಯಲ್ಲಿ ಸತ್ತವರ ಶವಗಳ ಮುಂದೆ ಶಿಲುಬೆಯನ್ನೂ ತೀರ್ಥವನ್ನೂ ಸರದಿಯಂತೆ ಹೊತ್ತು ನಡೆಯಬೇಕಾಗಿದ್ದಿತು. ದಾನವು ಪುಣ್ಯಕರವೇ, ಆದರೆ ಬಡವನೆಂಬ ಗುರುತನ್ನು ಬೀದಿಯಲ್ಲಿ ಹೊತ್ತು ತೋರಿಸುವ ನಿಬಂಧನೆಯೂ ಅದರೊಡನೆ ಅಂಟಿಕೊಂಡಿದ್ದಿತು.

ಈ ಅಂಟನ್ನು ಬಿಡಿಸಿದವನು ರಾಬರ್ಟ್ ದ ಸೊರ್ಬನ್. ಆರ್ದೆನ್ ಸೀಮೆಯ ಸೊರ್ಬನ್ ಎಂಬ ಹಳ್ಳಿಯ ಬಡ ಮನೆತನದಲ್ಲಿ ೧೨೦೧ರಲ್ಲಿ ಹುಟ್ಟಿ, ಕಷ್ಟಪಟ್ಟು ಓದಿ, ಫ್ರಾನ್ಸಿನ ಒಂಬತ್ತನೆಯ ಲೂಯಿ ಅರಸನಿಗೆ ಆಪ್ತನಾದ ಪಾದ್ರಿಯು ಅವನು. ೧೨೫೭ರಲ್ಲಿ ಅರಸನು ಕೊಟ್ಟ ಮನೆಗಳಲ್ಲಿ ದೇವತಾಶಾಸ್ತ್ರದ ಬಡ ವಿದ್ಯಾರ್ಥಿಗಳಿಗಾಗಿ ಒಂದು ನಿಲಯವನ್ನು ತೆರೆದನು. ಆ ಮನೆಗಳಿದ್ದ ಓಣಿಗೆ ಕುತ್ತಿಗೆ ಕೊಯ್ಯುವವರ ಓಣಿಯೆಂಬ ಅರ್ಥದ ಹೆಸರಿದ್ದಿತು. ಸೊರ್ಬೋನ್ ಎಂದು ಜಗತ್ತಿಗೆಲ್ಲ ಪರಿಚಿತವಾದ ವಿದ್ಯಾಸ್ಥಾನವು ಅಂತಹ ಓಣಿಯಲ್ಲಿ ಹುಟ್ಟಿತು. ಒಬ್ಬನ ವಾರದ ಊಟದ ಖರ್ಚಿಗೆ ಅಲ್ಲಿ ‘ಬುರ್ಸ’ ಎಂಬ ಹೆಸರು; ಆ ಲ್ಯಾಟಿನ್ ಶಬ್ದಕ್ಕೆ ಹಣದ ಚೀಲವೆಂದರ್ಥ. ಉತ್ಪನ್ನವಿಲ್ಲದವನಿಗೆ ಆ ಹಣವನ್ನು ನಿಲಯವು ಕೊಡುತ್ತಿದ್ದಿತು. ಉತ್ಪನ್ನವಿದ್ದವನು ಅಷ್ಟೇ ಹಣವನ್ನು ನಿಲಯಕ್ಕೆ ಕೊಟ್ಟು ಇರುತ್ತಿದ್ದನು. ಇಬ್ಬರಿಗೂ ಒಂದೇ ಪಂಕ್ತಿ, ಒಂದೇ ಅಡಿಗೆ. ಊಟಕ್ಕೆ ಕುಳಿತಾಗ ಕೊಟ್ಟು ಉಣ್ಣುವವನಾರು, ಪಡೆದು ಉಣ್ಣುವವನಾರು ಎಂಬ ಭೇದವು ತೋರುತ್ತಿರಲಿಲ್ಲ. ಉಚಿತ ಪ್ರಸಾದನಿಲಯಗಳನ್ನು ನಡೆಯಿಸಿ ಬಲ್ಲವರಿಗೆ ಈ ಏರ್ಪಾಡಿನ ಸೂಕ್ಷ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷರು ವಿದ್ಯಾರ್ಥಿವೇತನಕ್ಕೆ ಹೇಳುವ ಬರ್ಸರಿ ಎಂಬ ಮಾತು ಈ ಚೀಲದಿಂದಲೇ ಬಂದುದು.

ಸ್ಪೇನ್ ದೇಶದ ಕಾರ್ಡಿನಲ್ ಆಲ್ಬೊರ್ನೋಜನು ೧೩೬೪ರಲ್ಲಿ ಮರಣಶಾಸನವನ್ನು ಬರೆದು, ಬೊಲೋನಾದಲ್ಲಿ ಓದುವ ಸ್ವದೇಶೀಯರಿಗೆ ನಿಲಯವನ್ನು ಕಟ್ಟಿಸಿದನು. ಪರದೇಶದಲ್ಲಿ ಓದುವವರಿಗೆಂದೇ ಮಾಡಿದ ಆ ದತ್ತಿಯು ಆರೂವರೆ ಶತಮಾನಗಳನ್ನು ಕಳೆದು ಇಂದಿಗೂ ನಡೆಯುತ್ತಿದೆ. ಸ್ಪೇನಿನ ಪದವೀಧರರು ಇಂದಿಗೂ ಅಲ್ಲಿದ್ದು ಡಾಕ್ಟರ್ ಪದವಿಗಾಗಿ ಓದುವರು.

ದತ್ತಿಗಳಿದ್ದರೂ ಅದೃಷ್ಟವಿಲ್ಲದವನ ಪಾಡೇನೆಂಬುದಕ್ಕೆ ರೋಟರ್ಡಾಮಿನ ಎರಾಸ್ಮಸನ ಚರಿತ್ರೆಗಿಂತ ಬೇರೆ ನಿದರ್ಶನ ಬೇಡ. ಮಠವೊಂದರಲ್ಲಿ ಸನ್ಯಾಸಿಯಾಗಿದ್ದ ಈ ಮೇಧಾವಿಯನ್ನು ಕಾಂಬ್ರೆಯ ಬಿಷಪನು ಸಹಾಯದ ಭರವಸೆಯಿತ್ತು ೧೪೯೫ರಲ್ಲಿ ಪ್ಯಾರಿಸ್ಸಿಗೆ ಕಳುಹಿಸಿದನು. ಬರಬೇಕಾದ ಹಣವು ಬರಬೇಕಾದಾಗ ಬರಲಿಲ್ಲ. ಮೊಂತೆಗು ಎಂಬ ನಿಲಯದ ಕೊಳೆತ ಮೊಟ್ಟೆಗಳನ್ನೂ ತೇವದ ಕೋಣೆಗಳನ್ನೂ ಅವನು ಮುಂದೆ ತನ್ನ ಸಂವಾದಗ್ರಂಥದಲ್ಲಿ ಚಿತ್ರಿಸಿರುವನು. ಅಲ್ಲಿ ರೋಗ ತಗುಲಿತು. ಶ್ರೀಮಂತರ ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡನು. ಆ ಶಿಷ್ಯರಲ್ಲೊಬ್ಬನಾದ ಮೌಂಟ್‌ಜಾಯ್ ಪ್ರಭುವಿನೊಡನೆ ೧೪೯೯ರಲ್ಲಿ ಇಂಗ್ಲೆಂಡಿಗೆ ಹೋಗಿ, ಮರುವರ್ಷದ ಆರಂಭದಲ್ಲಿ ಮರಳುವಾಗ ಡೋವರ್ ಬಂದರಿನ ಸುಂಕದವರು, ನಾಣ್ಯಗಳನ್ನು ದೇಶದಿಂದ ಹೊರಗೊಯ್ಯಬಾರದೆಂಬ ಕಾಯಿದೆಯಂತೆ, ಅವನು ಕೂಡಿಹಾಕಿದ್ದ ಸುಮಾರು ೨೦ ಪೌಂಡುಗಳನ್ನು ಕಿತ್ತುಕೊಂಡರು. ಪ್ರಾಚೀನರ ಗಾದೆಗಳನ್ನು ಕುರಿತ ಅವನ ಪ್ರಸಿದ್ಧ ಗ್ರಂಥದ ಮೊದಲ ರೂಪವು ಆ ವರ್ಷವೇ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ಅದನ್ನು ಬರೆಯಿಸಿದುದರಲ್ಲಿ ಬಡತನದ ಪಾಲೂ ಉಂಟು. ಇಟಲಿಯನ್ನು ಕಾಣಬೇಕೆಂಬ ಬಹುಕಾಲದ ಹಂಬಲವು ಈಡೇರಿದುದು ೧೫೦೬ರಲ್ಲಿ, ಇಂಗ್ಲೆಂಡಿನ ಅರಸನ ವೈದ್ಯನ ಇಬ್ಬರು ಮಕ್ಕಳ ಮೇಲ್ವಿಚಾರಕನಾಗಿ. ಆ ವರ್ಷ ಟ್ಯೂರಿನ್ ಪಟ್ಟಣದಲ್ಲಿ ಅವನಿಗೆ ಡಾಕ್ಟರ್ ಪದವಿ ಬಂದಿತು. ಈ ವರ್ಷಗಳಲ್ಲಿ ಪೋಷಕರನ್ನು ಹೊಗಳಿ ಹೊಗಳಿ ಅವನು ಬರೆದ ಯಾಚನಾಪತ್ರಗಳನ್ನು ಓದಿದವರು ಈಗಿನ ಅರ್ಜಿನಮೂನೆಗಳ ಉದ್ದವನ್ನು ದೂರಲಾರರು.

ಅವನು ೧೫೩೬ರಲ್ಲಿ ಬಾಸೆಲ್ ನಗರದಲ್ಲಿ ತೀರಿಕೊಂಡನು. ಆ ವೇಳೆಗೆ ಗ್ರಂಥಗಳಿಂದ ಸಂಪತ್ತು ಸೇರಿದ್ದಿತು. ಅದನ್ನು ಮಿತ್ರನಾದ ಬೊನಿಫಾಸಿಯಸ್ ಆಮೆರ್ಬಾಖನ ಕೈಗಿತ್ತು, ಬಡವರಿಗೂ, ಬಡ ಕನ್ನೆಯರ ಮದುವೆಗಳಿಗೂ, ಓದುವ ಯೋಗ್ಯ ತರುಣರಿಗೂ ವಿನಿಯೋಗಿಸಬೇಕೆಂದು ಬರೆದಿಟ್ಟಿದ್ದನು. ಆಮೆರ್ಬಾಖನು ಪ್ರತಿಯೊಂದು ವೆಚ್ಚವನ್ನೂ ಲೆಕ್ಕದಲ್ಲಿ ಬರೆದು ಆ ದತ್ತಿಯನ್ನು ನಡೆಯಿಸಿದನು. ಡೋವರಿನಲ್ಲಿ ಕಳೆದುಕೊಂಡವನು ಬಾಸೆಲಿನಲ್ಲಿ ಕೊಟ್ಟನು.

ಹಿಂದೂಸ್ಥಾನದ ವಿದ್ಯಾರ್ಥಿಗಳು ಯೂರೋಪಿಗೆ ಹೋಗತೊಡಗಿದ ಕಾಲಕ್ಕೆ ಮೇಲಿನ ಮೂರು ಮಾರ್ಗಗಳೂ ಹೊಸ ರೂಪದಲ್ಲಿ ಕಾಣಿಸಿಕೊಂಡುವು. ಜಮಶೇಟಜಿ ಟಾಟಾ ಅವರು ೧೮೯೨ರಲ್ಲಿ ಸ್ಥಾಪಿಸಿದ ದತ್ತಿಯು ಸಾಲದ ಮಾರ್ಗವನ್ನು ಹಿಡಿಯಿತು. ಅದರಿಂದ ಮೊದಲು ಹೋದವರು ಇಬ್ಬರು ಸ್ತ್ರೀವೈದ್ಯರು; ಅವರಲ್ಲಿ ಒಬ್ಬರು ಕೊಲ್ಹಾಪುರದಲ್ಲಿ ಮುಂದೆ ಖ್ಯಾತರಾದ ಕೃಷ್ಣಾಬಾಯಿ ಕೆಳವಕರರು. ಓದಿ ಬಂದವರು ತೀರಿಸಿದ ಹಣದಿಂದ ಮುಂದಿನವರು ಹೊರಡುವುದು ಇಲ್ಲಿಯ ಕ್ರಮವು. ಸಾಲವೆಂಬ ಶಬ್ದಕ್ಕೆ ಅಂಜುವವರು ಇದನ್ನು ನಿಷ್ಠುರವೆನ್ನಬಹುದು. ಆದರೆ ಇದರಲ್ಲಿ ಪಡೆದವನ ತಲೆ ತಗ್ಗುವುದಿಲ್ಲ. ಅವನು ಯಾಚಕನೂ ಅಲ್ಲ, ದಾಸನೂ ಅಲ್ಲ. ತನ್ನ ಹಿಂದೆ ಬರುವವನಿಗೆ ದಾರಿ ಬಿಡುವವನು. ತುಮಕೂರು ಸೀಮೆಯ ರಾಜಾ ರಾಮಣ್ಣನವರು, ಖಗೋಲಜ್ಞರಾದ ಜಯಂತ ನಾರಳೀಕರರು, ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್ ಅವರು ಈ ದತ್ತಿಯ ನೆರವಿನಿಂದ ಇಂಗ್ಲೆಂಡಿನಲ್ಲಿ ಓದಿದವರು.

ಕರಾರಿನ ಮಾರ್ಗವು ಎಷ್ಟು ಉಪಕಾರಕವೂ ಎಷ್ಟು ಕಠಿಣವೂ ಆಗಬಲ್ಲುದೆಂಬುದಕ್ಕೆ ಡಾ. ಭೀಮರಾವ್ ಅಂಬೇಡಕರರ ವ್ಯಾಸಂಗವೇ ಸಾಕ್ಷಿ. ಬಡೋದೆಯ ಸಯಾಜಿರಾವ್ ಗಾಯಕವಾಡ ಮಹಾರಾಜರು ೧೯೧೩ರಲ್ಲಿ ಅವರಿಗೆ ತಿಂಗಳಿಗೆ ೧೧.೫ ಪೌಂಡುಗಳಂತೆ ಮೂರು ವರ್ಷಗಳ ವೇತನವನ್ನು ಮಂಜೂರು ಮಾಡಿದರು. ಓದು ಮುಗಿದ ಬಳಿಕ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. ಅಂಬೇಡಕರರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ೧೯೧೬ರಲ್ಲಿ ಲಂಡನ್ನಿಗೆ ಬಂದು ಅರ್ಥಶಾಸ್ತ್ರದ ಶಾಲೆಯನ್ನೂ ಗ್ರೇಸ್ ಇನ್ ಎಂಬ ನ್ಯಾಯವಾದಿಗಳ ಸಂಸ್ಥೆಯನ್ನೂ ಸೇರಿದರು. ಮರುವರ್ಷ ವೇತನದ ಅವಧಿ ಮುಗಿಯಿತು. ಪ್ರಬಂಧವು ಅರ್ಧದಲ್ಲಿಯೇ ನಿಂತಿತು. ಕರಾರಿನಂತೆ ಬಡೋದೆಗೆ ಬರಬೇಕಾಯಿತು. ಜಗತ್ತಿನ ಎರಡು ಶ್ರೇಷ್ಠ ವಿದ್ಯಾಪೀಠಗಳಲ್ಲಿ ಓದಿಬಂದ ಈ ಪಂಡಿತರಿಗೆ ಆ ಪಟ್ಟಣದಲ್ಲಿ ತಂಗಲು ಯಾರೂ ಮನೆ ಕೊಡಲಿಲ್ಲ. ಪಾರಸಿಗಳ ವಸತಿಗೃಹದಲ್ಲಿ ಹೆಸರನ್ನು ಮರೆಯಿಸಿ ಕೆಲವು ದಿನ ಇದ್ದರು. ಜಾತಿ ತಿಳಿದೊಡನೆ ದೊಣ್ಣೆ ಹಿಡಿದ ಗುಂಪೊಂದು ಬಂದು ಹೊರಡಿಸಿತು. ಸಾರ್ವಜನಿಕ ಉದ್ಯಾನದಲ್ಲಿ ಕೆಲಹೊತ್ತು ಕುಳಿತಿದ್ದು ಅವರು ಮುಂಬಯಿಗೆ ಮರಳಿದರು. ದಾತೃವು ಕೊಟ್ಟ ಹಣವು ಸಮುದ್ರದ ಆಚೆಗೆ ಕರೆದೊಯ್ಯಬಲ್ಲುದಾಗಿದ್ದಿತು. ದಾತೃವಿನ ಊರಿನಲ್ಲಿ ಒಂದು ಕೋಣೆಯನ್ನು ಕೊಡಿಸಲು ಅದಕ್ಕೆ ಶಕ್ತಿಯಿರಲಿಲ್ಲ.

ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಹಣವನ್ನು ಉಳಿಸಿ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವನ್ನೂ ಪಾರಸಿ ಮಿತ್ರರೊಬ್ಬರ ಸಾಲವನ್ನೂ ಪಡೆದು, ೧೯೨೦ರಲ್ಲಿ ಅವರು ಮತ್ತೆ ಲಂಡನ್ನಿಗೆ ಹೋದರು. ರೂಪಾಯಿಯ ಸಮಸ್ಯೆಯನ್ನು ಕುರಿತ ಪ್ರಬಂಧವು ೧೯೨೩ರಲ್ಲಿ ಗ್ರಂಥವಾಗಿ ಹೊರಬಂದಿತು, ಡಿ.ಎಸ್‌ಸಿ. ಪದವಿಯೂ ದೊರೆಯಿತು. ಮೊದಲ ಪ್ರಯಾಣವು ಕರಾರಿನಿಂದ ನಡೆಯಿತು, ಎರಡನೆಯದು ಸಂಪಾದನೆ, ದಾನ, ಸಾಲಗಳು ಮೂರೂ ಕೂಡಿ ನಡೆಯಿತು. ೧೯೪೨ರಲ್ಲಿ ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿದ್ದಾಗ ಅವರು ಸಲ್ಲಿಸಿದ ವಿಜ್ಞಾಪನೆಯಲ್ಲಿ ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳ ವಿದೇಶವ್ಯಾಸಂಗಕ್ಕೆ ಸರಕಾರದ ಧನಸಹಾಯವನ್ನು ಬೇಡಿದುದು ಅನುಭವದ ಫಲವು. ಸ್ವತಂತ್ರ ಭಾರತ ಸರಕಾರದ ರಾಷ್ಟ್ರೀಯ ವಿದೇಶ ವ್ಯಾಸಂಗವೇತನವು ೧೯೫೪-೫೫ರಲ್ಲಿ ಆರಂಭವಾಯಿತು.

ದ್ರವ್ಯದ ಮೂಲವು ನಿರ್ಮಲವಲ್ಲದಿದ್ದರೂ ಫಲವು ಒಳ್ಳೆಯದಾಗಬಹುದೇ ಎಂಬ ಪ್ರಶ್ನೆಯು ಸೆಸಿಲ್ ರೋಡ್ಸನ ದತ್ತಿಯನ್ನು ಬಿಟ್ಟಿಲ್ಲ. ದಕ್ಷಿಣ ಆಫ್ರಿಕದ ವಜ್ರದ ಗಣಿಗಳಿಂದಲೂ ಅಲ್ಲಿಯ ಜನರ ನೆಲವನ್ನು ಆಕ್ರಮಿಸಿದುದರಿಂದಲೂ ಬೆಳೆದ ಸಂಪತ್ತಿನಿಂದ ಆಕ್ಸ್‌ಫರ್ಡಿನಲ್ಲಿ ಓದುವ ವೇತನಗಳು, ೧೯೦೨ರಲ್ಲಿ ಅವನು ಸತ್ತ ಬಳಿಕ, ಅವನ ಮರಣಶಾಸನದಂತೆ ಏರ್ಪಟ್ಟುವು. ಹಿಂದೂಸ್ಥಾನಕ್ಕೆ ೧೯೪೭ರಲ್ಲಿ ಪಾಲು ಸಿಕ್ಕಿತು. ಸ್ತ್ರೀಯರಿಗೆ ೧೯೭೭ರವರೆಗೆ ಬಾಗಿಲು ತೆರೆಯಲಿಲ್ಲ. ಜರ್ಮನಿಯಲ್ಲಿ ೧೯೨೫ರಲ್ಲಿ ಹುಟ್ಟಿದ ವಿದ್ಯಾವಿನಿಮಯ ಸಂಸ್ಥೆಯೂ, ೧೯೫೯ರಲ್ಲಿ ನಿಶ್ಚಯಿಸಲ್ಪಟ್ಟ ಕಾಮನ್‌ವೆಲ್ತ್ ವೇತನವೂ ಭಾರತೀಯರಿಗೆ ಇನ್ನೆರಡು ದಾರಿಗಳಾದುವು.

ಎರಾಸ್ಮಸನ ಹೆಸರು ವಿದ್ಯಾರ್ಥಿವೇತನವೊಂದಕ್ಕೆ ಬಂದ ವೃತ್ತಾಂತದ ಹಿಂದೆ ಒಬ್ಬ ಸ್ತ್ರೀಯ ಅವಮಾನವಿದೆ. ರೋಮ್ ನಗರದ ಸೋಫಿಯಾ ಕೊರಾದಿ ಎಂಬವರು ವೇತನವನ್ನು ಪಡೆದು ೧೯೫೭-೫೮ರಲ್ಲಿ ಕೊಲಂಬಿಯಾದಲ್ಲಿ ಓದಿ ಪದವಿಯೊಡನೆ ಮರಳಿದಾಗ, ಸ್ವಂತ ವಿಶ್ವವಿದ್ಯಾಲಯವು ಆ ಓದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ೧೯೬೯ರಿಂದ ಅವರು ಬಿಡದೆ ಹಿಡಿದ ಛಲದ ಫಲವಾಗಿ, ಯೂರೋಪಿನ ರಾಷ್ಟ್ರಗಳು ಪರಸ್ಪರರ ವಿದ್ಯಾರ್ಥಿಗಳ ಓದನ್ನು ಮನ್ನಿಸಿ ವೇತನವೀಯುವ ಎರಾಸ್ಮಸ್ ಯೋಜನೆಯು ೧೯೮೭ರಲ್ಲಿ ಜಾರಿಗೆ ಬಂದಿತು. ಮೊದಲ ವರ್ಷ ಹನ್ನೊಂದು ದೇಶಗಳ ೩,೨೪೪ ವಿದ್ಯಾರ್ಥಿಗಳು ಹೊರಟರು. ೨೦೦೪ರಲ್ಲಿ ಸೇರಿದ ಎರಾಸ್ಮಸ್ ಮುಂಡುಸ್ ಎಂಬ ಶಾಖೆಯು ಭಾರತೀಯರಿಗೂ ಮುಕ್ತವಾಯಿತು. ಇದರಲ್ಲಿ ವಿದ್ಯಾರ್ಥಿಯು ಕಡೆಯ ಪಕ್ಷ ಎರಡು ದೇಶಗಳಲ್ಲಿ ಓದಬೇಕು. ೨೦೨೧ರಿಂದೀಚೆಗೆ ವೇತನವು ತಿಂಗಳಿಗೆ ೧,೪೦೦ ಯೂರೋ. ಅರ್ಜಿಯನ್ನು ಸರಕಾರಕ್ಕಲ್ಲ, ಪಾಠಕ್ರಮವನ್ನು ಕೂಡಿ ನಡೆಯಿಸುವ ವಿಶ್ವವಿದ್ಯಾಲಯಗಳ ಒಕ್ಕೂಟಕ್ಕೆ ನೇರವಾಗಿ ಸಲ್ಲಿಸುವುದು ಇದರ ಕ್ರಮವು. ಇದು ದಾನದ ಮಾರ್ಗವೇ. ಓದಿದವನು ಹಣವನ್ನು ತೀರಿಸಬೇಕಾದುದಿಲ್ಲ.

ಕನ್ನಡನಾಡಿಗೆ ಇಂತಹ ವ್ಯಾಸಂಗಗಳಿಂದ ಬಂದ ಫಲವು ವೇತನದ ಲೆಕ್ಕಪುಸ್ತಕಗಳಲ್ಲಿ ಸಿಕ್ಕುವುದಿಲ್ಲ. ಲಂಡನ್ನಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಎಸ್. ಸಿ. ನಂದೀಮಠರು ವೀರಶೈವ ಸಿದ್ಧಾಂತವನ್ನು ಇಂಗ್ಲಿಷಿನಲ್ಲಿ ವಿವರಿಸಿದ ಗ್ರಂಥವು ೧೯೪೨ರಲ್ಲಿ ಧಾರವಾಡದಿಂದ ಪ್ರಕಟವಾಯಿತು. ಧಾರವಾಡದಲ್ಲಿಯೇ ಓದಿದ ಗಿರೀಶ ಕಾರ್ನಾಡರು ರೋಡ್ಸ್ ವೇತನವನ್ನು ಪಡೆದು ೧೯೬೦ರಲ್ಲಿ ಆಕ್ಸ್‌ಫರ್ಡಿಗೆ ಹೊರಟರು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದಿದ್ದ ಅವರಿಂದ, ಹೊರಡುವ ಮುನ್ನಿನ ದಿನಗಳ ಮನಸ್ಸಿನ ತಳಮಳದಲ್ಲಿ, ತಂದೆಯ ಮುಪ್ಪನ್ನು ಹೊರುವ ಮಗನ ಕಥೆಯಾದ ‘ಯಯಾತಿ’ಯು ಕನ್ನಡದಲ್ಲಿಯೇ ಹುಟ್ಟಿತು. ಯು. ಆರ್. ಅನಂತಮೂರ್ತಿಗಳು ೧೯೬೩ರಲ್ಲಿ ಕಾಮನ್‌ವೆಲ್ತ್ ವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದುದು ೧೯೩೦ರ ದಶಕದ ಇಂಗ್ಲಿಷ್ ಕಾದಂಬರಿಗಳನ್ನು ಕುರಿತು ಪ್ರಬಂಧ ಬರೆಯಲು. ಪ್ರಬಂಧವು ೧೯೬೬ರಲ್ಲಿ ಮುಗಿದು ಪದವಿ ಬಂದಿತು. ಆ ನಡುವೆ ಅದೇ ಊರಿನ ಚಳಿಯಲ್ಲಿ ಕುಳಿತು ಅವರು ಮಲೆನಾಡಿನ ಅಗ್ರಹಾರವೊಂದರ ಕಥೆಯನ್ನು ಕನ್ನಡದಲ್ಲಿ ಬರೆದಿದ್ದರು. ಆ ‘ಸಂಸ್ಕಾರ’ವು ೧೯೬೫ರಲ್ಲಿಯೇ ಕನ್ನಡಿಗರ ಕೈಸೇರಿದ್ದಿತು.