ಅಂಬರ್ ಪರದೆಯ ಪಾಳೇಗಾರರು

1991ರಲ್ಲಿ ನಾನು ಹುಬ್ಬಳ್ಳಿಯ ಒಂದು ಆಡಿಟರ ಆಫೀಸಿನಲ್ಲಿ ಡೇಟಾ ಎಂಟ್ರಿ ಕೆಲಸಕ್ಕಿದ್ದೆ. ಹಗಲು ಹತ್ತಿ ವ್ಯಾಪಾರಿಗಳ ಲೆಕ್ಕ. ರಾತ್ರಿ ಎಂಟರ ಮೇಲೆ ಸಾಹೇಬರು ಮನೆಗೆ ಹೋದರೆಂದರೆ ಆ ಪಿಸಿ-ಎಕ್ಸ್‌ಟಿ ನನ್ನದು. ಅದರ ಮಾನಿಟರಿಗೆ ಇದ್ದದ್ದು ಒಂದೇ ಬಣ್ಣ, ಅಂಬರ್. ಅರಿಶಿನಕ್ಕೆ ಸ್ವಲ್ಪ ಕುಂಕುಮ ಕಲೆಸಿದ ಹಾಗೆ. ಬಣ್ಣದ ಕಾರ್ಡಿಗೆಂದು ಮಾಡಿದ ಆಟ ಅದರಲ್ಲಿ ನೇರವಾಗಿ ಓಡುತ್ತಿರಲಿಲ್ಲ. ಮೊದಲು ಸಿಮ್‌ಸಿಜಿಎ ಎಂಬ ಪುಟ್ಟ ಪ್ರೋಗ್ರಾಮನ್ನು ಓಡಿಸಬೇಕು. ಅದು ಬಣ್ಣಗಳನ್ನು ಚುಕ್ಕೆಗಳ ಸಾಂದ್ರತೆಯಾಗಿ ಬದಲಾಯಿಸಿ ನಮ್ಮ ಬಡ ಮಾನಿಟರನ್ನು ನಂಬಿಸುತ್ತಿತ್ತು. ಆ ಕಾಲದಲ್ಲಿ ಊರೂರಿನ ಕಂಪ್ಯೂಟರ್ ಕ್ಲಾಸುಗಳಲ್ಲಿ ಫ್ಲಾಪಿ ಹಿಡಿದು ಓಡಾಡಿದವರಿಗೆಲ್ಲ ಈ ಹೆಸರು ಗೊತ್ತು.

ಬೆಂಗಳೂರಿನಿಂದ ಬಂದ ಗೆಳೆಯನೊಬ್ಬ ಐದೂಕಾಲು ಇಂಚಿನ ಫ್ಲಾಪಿಗಳಲ್ಲಿ ತಂದುಕೊಟ್ಟ ಆಟದ ಹೆಸರು 'ಡಿಫೆಂಡರ್ ಆಫ್ ದಿ ಕ್ರೌನ್'. ಅಮೆರಿಕದ ಸಿನಿಮಾವೇರ್ ಕಂಪನಿ 1986ರಲ್ಲಿ ಅಮಿಗಾ ಕಂಪ್ಯೂಟರಿಗೆಂದು ಮಾಡಿದ್ದು. ನಮಗೆ ಸಿಕ್ಕಿದ್ದು ಮರುವರ್ಷ ಬಂದ ಡಾಸ್ ಆವೃತ್ತಿ, ಅದರದೂ ಕದ್ದ ಪ್ರತಿ.

ಕಥೆ 1149ರ ಇಂಗ್ಲೆಂಡಿನದು. ರಾಜ ಸತ್ತಿದ್ದಾನೆ, ಕಿರೀಟ ಕಳುವಾಗಿದೆ. ಸ್ಯಾಕ್ಸನ್ ಪಾಳೇಗಾರರು ಒಂದು ಕಡೆ, ಹೊರಗಿನಿಂದ ಬಂದು ನಾಡು ಗೆದ್ದಿದ್ದ ನಾರ್ಮನ್ನರು ಇನ್ನೊಂದು ಕಡೆ. ನಾವು ಸ್ಯಾಕ್ಸನ್. ಭೂಪಟದಲ್ಲಿ ಒಂದೊಂದೇ ಸೀಮೆ ಹಿಡಿಯಬೇಕು. ಅದರಿಂದ ತಿಂಗಳು ತಿಂಗಳು ಕಂದಾಯ ಬರುತ್ತದೆ. ಆ ದುಡ್ಡಿನಲ್ಲಿ ಕಾಲಾಳು, ಕುದುರೆ ಸವಾರರು, ಕವಣೆಯಂತ್ರ, ಕೋಟೆ. ತೀರಾ ಕಷ್ಟಕ್ಕೆ ಬಂದರೆ ಶೆರ್‌ವುಡ್ ಕಾಡಿಗೆ ಹೋಗಿ ರಾಬಿನ್ ಹುಡ್‌ನ ನೆರವು ಕೇಳಬಹುದು, ಅದೂ ಮೂರೇ ಸಲ. ನಾರ್ಮನ್ನರ ಮೂಲ ಕೋಟೆಗಳೆಲ್ಲ ಬಿದ್ದರೆ ನೀವು ಗೆದ್ದಿರಿ. ಒಂದು ಗಂಟೆಯೊಳಗೆ ಮುಗಿಯುವ ಆಟ. ಆ ಗಂಟೆಯ ನಡುವೆ ಹುಬ್ಬಳ್ಳಿಯ ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ನನಗೆ ಹುಚ್ಚು ಹಿಡಿಸಿದ್ದು ಈಟಿಯಾಟ. ಟೂರ್ನಮೆಂಟ್ ಏರ್ಪಡಿಸಿದರೆ ಎದುರಾಳಿ ಕುದುರೆಯ ಮೇಲೆ ನುಗ್ಗಿ ಬರುತ್ತಾನೆ. ನಮ್ಮ ಈಟಿಯ ತುದಿಯನ್ನು ಅವನ ಗುರಾಣಿಯ ನಡುಮಧ್ಯಕ್ಕೆ ಹಿಡಿಯಬೇಕು. ಕೀಲಿಮಣೆಯಲ್ಲಿ ಆ ತುದಿ ಕುಡಿದವನ ಕೈಯಂತೆ ತೂಗಾಡುತ್ತಿತ್ತು. ಸ್ವಲ್ಪ ಕೆಳಗಿಳಿದರೆ ಈಟಿ ಕುದುರೆಗೆ ಚುಚ್ಚುತ್ತದೆ. ಆಗ ಇಡೀ ಸಭೆಯೆದುರು ಮಾನ ಹೋಗಿ ನಮ್ಮನ್ನು ಕೂಟದಿಂದ ಹೊರಹಾಕುತ್ತಾರೆ. ಕಟ್ಟಡದ ಕಾವಲಿನ ಅಜ್ಜ ಒಬ್ಬರು ಬೀಡಿ ಆರಿಸಿ ಬಂದು ನನ್ನ ಹಿಂದೆ ನಿಲ್ಲುತ್ತಿದ್ದರು. ಮೂರನೆಯ ಸಲ ಕುದುರೆ ಬಿದ್ದಾಗ ಅವರಿಗೆ ತಡೆಯಲಾಗಲಿಲ್ಲ. "ತಮ್ಮಾ, ಕುದುರಿಗೆ ಯಾಕ ಚುಚ್ಚತಿ? ಅದೇನ ಮಾಡೇತಿ ನಿನಗ?" ಅಂದರು. ಆ ಚುಕ್ಕೆ ಚುಕ್ಕೆಯ ಚಿತ್ರದಲ್ಲಿ ಕುದುರೆ ಯಾವುದು ಎಂದು ಅವರಿಗೆ ತಿಳಿದದ್ದೇ ಹೆಚ್ಚು.

ಆಟ ಶುರುವಾಗುವಾಗ ನಾಲ್ವರು ಸ್ಯಾಕ್ಸನ್ನರ ಪೈಕಿ ಒಬ್ಬನನ್ನು ಆರಿಸಿಕೊಳ್ಳಬೇಕು. ಐವನ್‌ಹೋದ ವಿಲ್ಫ್ರೆಡ್, ರಾದರ್‌ವುಡ್‌ನ ಸೆಡ್ರಿಕ್, ಜೆಫ್ರಿ ಲಾಂಗ್‌ಸ್ವೋರ್ಡ್, ವುಲ್ಫ್ರಿಕ್ ದಿ ವೈಲ್ಡ್. ಪ್ರತಿಯೊಬ್ಬನ ಮುಂದೆ ಮೂರು ಗುಣ: ದಂಡಿನ ನಾಯಕತ್ವ, ಈಟಿ, ಕತ್ತಿ. ಒಬ್ಬನಿಗೆ ಒಂದು ಬಲ, ಇನ್ನೊಂದು ದುರ್ಬಲ. ನೋಡಲು ಇಷ್ಟೇ. ಆದರೆ ಈ ಮೂರು ಗೆರೆಗಳ ಹಿಂದೆ ಒಂದು ವಂಶಾವಳಿಯೇ ಇದೆ, ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಮೆರಿಕದ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಊರಿನಲ್ಲಿ ಪುಟ್ಟ ಸೈನಿಕರ ಗೊಂಬೆಗಳನ್ನು ಮೇಜಿನ ಮೇಲೆ ಜೋಡಿಸಿ ಯುದ್ಧ ಆಡುವವರ ಗುಂಪೊಂದಿತ್ತು. ಆ ಗುಂಪಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ 'ಚೈನ್‌ಮೇಲ್' ಎಂಬ ನಿಯಮಪುಸ್ತಕ ತಂದರು. ಅದು ಮಧ್ಯಯುಗದ ಯುದ್ಧದ್ದು. ಅದರಲ್ಲಿ ಒಂದು ಗೊಂಬೆ ಎಂದರೆ ಇಪ್ಪತ್ತು ಜನ. ಆದರೆ ಅದೇ ಪುಸ್ತಕದಲ್ಲಿ ಒಂದು ಗೊಂಬೆ ಎಂದರೆ ಒಬ್ಬನೇ ಮನುಷ್ಯ ಎಂದು ಆಡುವ ನಿಯಮಗಳೂ ಇದ್ದವು. ಮಿನೆಸೊಟದ ಡೇವ್ ಆರ್ನಸನ್ ಹಿಡಿದದ್ದು ಆ ಎಳೆಯನ್ನು. ಇಪ್ಪತ್ತು ಜನರ ಬದಲು ಒಬ್ಬನಾದ ಕೂಡಲೇ ಆ ಒಬ್ಬನಿಗೆ ಹೆಸರು ಬೇಕಾಯಿತು, ಶಕ್ತಿ ಎಷ್ಟು, ಬುದ್ಧಿ ಎಷ್ಟು ಎಂಬ ಲೆಕ್ಕ ಬೇಕಾಯಿತು. 1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಹುಟ್ಟಿದ್ದು ಹೀಗೆ. ಅಂದರೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡುವ ಇಂಥ ಪಾತ್ರಧಾರಿ ಆಟಗಳು ಯುದ್ಧತಂತ್ರದ ಆಟದ ಹೊಟ್ಟೆಯಿಂದ ಬಂದವು. ಸಿನಿಮಾವೇರ್‌ನವರು ದಂಡಿನ ಆಟದೊಳಗೆ ಒಬ್ಬ ವಿಲ್ಫ್ರೆಡ್‌ನನ್ನು ಕೂರಿಸಿದ್ದು ಹೊಸ ಬೆಸುಗೆಯೇನಲ್ಲ, ಮಗಳು ತವರಿಗೆ ಬಂದ ಹಾಗೆ.

ಕಂಪ್ಯೂಟರಿನಲ್ಲೂ ಇದು ಮೊದಲಲ್ಲ. 1978ರಲ್ಲೇ ಜಾರ್ಜ್ ಬ್ಲ್ಯಾಂಕ್ ಟಿಆರ್‌ಎಸ್-80 ಯಂತ್ರಕ್ಕೆ 'ಸಾಂತಾ ಪರಾವಿಯಾ' ಬರೆದಿದ್ದರು. ಇಟಲಿಯ ಪುಟ್ಟ ನಗರರಾಜ್ಯದ ಒಡೆಯನಾಗಿ ದವಸ ಹಂಚಿ, ತೆರಿಗೆ ಹಾಕಿ, ಪದವಿ ಏರುತ್ತ ರಾಜನಾಗುವ ಆಟ. ನೋಡಲು ಹೆಚ್ಚಿನಂಶ ಅಕ್ಷರ, ಅಂಕಿ. ನನ್ನ ಹಗಲಿನ ಕೆಲಸಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರಲಿಕ್ಕಿಲ್ಲ.

ಬಾಬ್ ಜೇಕಬ್‌ಗೆ ಬೇಕಿದ್ದದ್ದು ಅಂಕಿಯಲ್ಲ, ಸಿನಿಮಾ. ಹೆಂಡತಿ ಫಿಲಿಸ್ ಜೊತೆ ಸಿನಿಮಾವೇರ್ ಕಂಪನಿ ಶುರುಮಾಡಿದ ಈತ ಅದರ ಹೆಸರಲ್ಲೇ ಅದನ್ನು ಹೇಳಿಬಿಟ್ಟ. 1985ರಲ್ಲಿ ಬಂದ ಅಮಿಗಾ 4096 ಬಣ್ಣಗಳಿಂದ 32ನ್ನು ಆರಿಸಿ ಒಟ್ಟಿಗೆ ತೋರಿಸಬಲ್ಲದಾಗಿತ್ತು. ಆಗ ನಮ್ಮಂಥವರ ಪಿಸಿಗೆ ನಾಲ್ಕು ಬಣ್ಣ ಸಿಕ್ಕರೆ ಪುಣ್ಯ. ಆಟದ ವಿನ್ಯಾಸ ಕೆಲಿನ್ ಬೀಕ್‌ನದು. ಚಿತ್ರಗಳ ಮುಖ್ಯಸ್ಥ ಜಿಮ್ ಸ್ಯಾಕ್ಸ್. ಅಮೆರಿಕದ ವಾಯುಪಡೆಯಲ್ಲಿ ವಿಮಾನ ಹಾರಿಸಿದ್ದ ಈತ ಚಿತ್ರ ಬಿಡಿಸುವುದನ್ನೂ ಪ್ರೋಗ್ರಾಮ್ ಬರೆಯುವುದನ್ನೂ ತಾನೇ ಕಲಿತವನು. ಬೆಟ್ಟದ ಮೇಲಿನ ಕೋಟೆ, ಸಂಜೆಯ ಆಕಾಶ, ಕಲ್ಲಿನ ಒಂದೊಂದು ಸಂದಿನ ನೆರಳು: ಅಷ್ಟು ಮುತುವರ್ಜಿ ಅದುವರೆಗೆ ಮನೆಯ ಕಂಪ್ಯೂಟರಿನಲ್ಲಿ ಯಾರೂ ಕಂಡಿರಲಿಲ್ಲ. ಅಮಿಗಾ ಕೊಂಡವರು ನೆಂಟರಿಷ್ಟರನ್ನು ಕರೆದು ಈ ಆಟ ಹಾಕಿ ತೋರಿಸುತ್ತಿದ್ದರಂತೆ.

ಆದರೆ ಪ್ರೋಗ್ರಾಮಿಂಗ್ ವಹಿಸಿಕೊಂಡ ಹೊರಗಿನ ಕಂಪನಿ ಕೈಕೊಟ್ಟಿತು. ದೀಪಾವಳಿಗೆ ಪಟಾಕಿ ಬರದಿದ್ದರೆ ಅಂಗಡಿಯವನ ಗತಿ ಏನೋ, ಕ್ರಿಸ್‌ಮಸ್‌ಗೆ ಆಟ ಬರದಿದ್ದರೆ ಅಮೆರಿಕದ ಆಟದ ಕಂಪನಿಯ ಗತಿಯೂ ಅದೇ. ಜೇಕಬ್ ಆರ್.ಜೆ. ಮೈಕಲ್ ಬಳಿಗೆ ಹೋದ. ಅಮಿಗಾದ ಕಿಟಕಿ-ಮೆನು ವ್ಯವಸ್ಥೆಯನ್ನು ಬರೆದ ಆಸಾಮಿ, ಆ ಯಂತ್ರದ ನರನಾಡಿ ಬಲ್ಲವನು. ಅವನು ಕೂತು ಮುಗಿಸಿದ. ಮುಗಿಸಿದ ಎನ್ನುವುದಕ್ಕಿಂತ ಕತ್ತರಿಸಿದ ಎನ್ನುವುದೇ ಸರಿ. ವಿನ್ಯಾಸದಲ್ಲಿದ್ದ ಎಷ್ಟೋ ಯುದ್ಧತಂತ್ರಗಳು ಹೊರಗೇ ಉಳಿದವು. ಚಿತ್ರಗಳು ಮಾತ್ರ ಉಳಿದವು, ಜನ ಚಿತ್ರಕ್ಕೇ ದುಡ್ಡು ಕೊಟ್ಟರು. ಸ್ಯಾಕ್ಸ್ ಬೇಸತ್ತು ಕಂಪನಿ ಬಿಟ್ಟ.

ನಂತರ ಬೇರೆ ಬೇರೆ ಯಂತ್ರಗಳಿಗೆ ಆಟ ಬರೆದವರಿಗೆ ಅಷ್ಟು ಆತುರ ಇರಲಿಲ್ಲ. ಅಮಿಗಾದ ಬಣ್ಣ ಅವರಿಗೆ ದಕ್ಕಲಿಲ್ಲ, ಬಿಟ್ಟುಹೋದ ತಂತ್ರಗಳಲ್ಲಿ ಒಂದಷ್ಟನ್ನು ಮರಳಿ ಸೇರಿಸಿದರು. ಪಕ್ಕದಿಂದ ಸುತ್ತುವರಿಯುವುದು, ಕವಣೆಯಿಂದ ಕಲ್ಲಿನ ಜೊತೆಗೆ ಬೆಂಕಿ ಎಸೆಯುವುದು ಇತ್ಯಾದಿ. ಹೆಚ್ಚು ಚೆಂದದ್ದು ಹೆಚ್ಚು ಪೊಳ್ಳು, ಹೆಚ್ಚು ಕುರೂಪವಾದದ್ದು ಹೆಚ್ಚು ಆಟ. ಅಂಬರ್ ಚುಕ್ಕೆಗಳ ನಮ್ಮದು ಕುರೂಪದಲ್ಲೂ ಕಡೆಯ ಮೆಟ್ಟಿಲು.

ಸ್ಯಾಕ್ಸ್ ಬಗ್ಗೆ ಇನ್ನೊಂದು ಮಾತು. ಅವನು 1984ರಲ್ಲಿ ಕಮೋಡೋರ್ 64ಕ್ಕೆ 'ಸಾಸರ್ ಅಟ್ಯಾಕ್' ಎಂಬ ಆಟ ಮಾಡಿ ತಾನೇ ಮಾರಲು ಹೊರಟು, ನಕಲು ಮಾಡುವವರ ಹಾವಳಿಗೆ ನೊಂದವನು. ಹುಬ್ಬಳ್ಳಿಯಲ್ಲಿ ಅವನ ಕೋಟೆಯ ಕದ್ದ ಪ್ರತಿಯನ್ನು ನಾಲ್ಕು ಜನರಿಗೆ ಹಂಚಿದವನು ನಾನು. ಬಚ್ಚಿಟ್ಟು ಏನು ಪ್ರಯೋಜನ.

ಇನ್ನು ಆ 1149. ಆಟ ಹೇಳುವಂತೆ ಆ ವರ್ಷ ಇಂಗ್ಲೆಂಡಿನ ರಾಜ ಸತ್ತಿರಲಿಲ್ಲ. ಸ್ಟೀಫನ್ ಎಂಬ ರಾಜ ಇದ್ದ, 1154ರವರೆಗೂ ಬದುಕಿದ್ದ. ಆದರೆ ಕಿರೀಟಕ್ಕೆ ಕಿತ್ತಾಟ ಇದ್ದದ್ದು ನಿಜ. 1135ರಲ್ಲಿ ಒಂದನೇ ಹೆನ್ರಿ ತೀರಿಕೊಂಡಾಗ ಪಟ್ಟ ಮಗಳು ಮಟಿಲ್ಡಾಗೆ ಬರಬೇಕಿತ್ತು. ದೊಡ್ಡವರೆಲ್ಲ ಆಣೆ ಮಾಡಿದ್ದರು, ಸ್ಟೀಫನ್ ಕೂಡ. ಅವನೇ ಓಡಿಬಂದು ಕಿರೀಟ ಹಾಕಿಕೊಂಡ. ವರ್ಷಗಟ್ಟಲೆ ಒಳಯುದ್ಧ ನಡೆಯಿತು. ಅದು ಸ್ಯಾಕ್ಸನ್-ನಾರ್ಮನ್ ಜಗಳವಲ್ಲವೇ ಅಲ್ಲ, ನಾರ್ಮನ್ ಮನೆತನದೊಳಗಿನ ದಾಯಾದಿ ಕಲಹ. ನಮಗೆ ಅರ್ಥವಾಗದ ವಿಷಯವೇನಲ್ಲ.

ಆಟದಲ್ಲಿ ಹೆಂಗಸರೆಂದರೆ ಕೋಟೆಯಿಂದ ಬಿಡಿಸಿ ತರಬೇಕಾದ ಸುಂದರಿಯರು. ಬಿಡಿಸಿ ತಂದರೆ ಅಗ್ಗಿಷ್ಟಿಕೆಯ ಮುಂದೆ ಒಂದು ನೆರಳಿನ ಚುಂಬನ, ಮಾವನ ಬೆಂಬಲ. ನಿಜವಾದ ಯುದ್ಧದಲ್ಲಿ ಒಂದು ಪಕ್ಷದ ಯಜಮಾನಿಯೇ ಹೆಣ್ಣು. 1142ರ ಡಿಸೆಂಬರಿನಲ್ಲಿ ಸ್ಟೀಫನ್ ಆಕ್ಸ್‌ಫರ್ಡ್ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಮಟಿಲ್ಡಾ ಬಿಳಿ ಬಟ್ಟೆ ಹೊದ್ದು, ನಾಲ್ಕಾರು ಜನರೊಂದಿಗೆ, ಹಿಮ ಬಿದ್ದ ರಾತ್ರಿ ಹೆಪ್ಪುಗಟ್ಟಿದ ನದಿ ದಾಟಿ ನಡೆದೇ ಪಾರಾದಳು. ಅವಳನ್ನು ಬಿಡಿಸಲು ಯಾವ ಐವನ್‌ಹೋ ಕೂಡ ಬಂದಿರಲಿಲ್ಲ. ಈ ದೃಶ್ಯ ಬಿಟ್ಟು ಸಿನಿಮಾ ಮಾಡಹೊರಟವರಿಗೆ ಏನೆನ್ನಬೇಕು!

ಕವಣೆಯಂತ್ರಕ್ಕೂ ಒಂದು ನಿಜಕಥೆ ಇದೆ. 1152ರಲ್ಲಿ ಸ್ಟೀಫನ್ ನ್ಯೂಬರಿ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆಯ ಒಡೆಯ ಜಾನ್ ಮಾರ್ಷಲ್ ಸಂಧಾನಕ್ಕೆ ಸಮಯ ಕೇಳಿ ತನ್ನ ಐದಾರು ವರ್ಷದ ಮಗನನ್ನು ಒತ್ತೆ ಇಟ್ಟ, ಮಾತಿಗೆ ತಪ್ಪಿದ. ಹುಡುಗನನ್ನು ಕೊಲ್ಲುತ್ತೇವೆ ಎಂದರೆ ಅಪ್ಪ, ಇದಕ್ಕಿಂತ ಒಳ್ಳೆಯ ಮಕ್ಕಳನ್ನು ಮಾಡುವ ಸುತ್ತಿಗೆ-ಅಡಿಗಲ್ಲು ತನ್ನ ಬಳಿ ಇನ್ನೂ ಇವೆ ಎಂಬರ್ಥದ ಉತ್ತರ ಕಳಿಸಿದನಂತೆ. ಸ್ಟೀಫನ್‌ನ ಕಡೆಯವರು ಹುಡುಗನನ್ನು ಕವಣೆಯಲ್ಲಿಟ್ಟು ಕೋಟೆಯೊಳಕ್ಕೆ ಎಸೆಯೋಣ ಎಂದರು. ಸ್ಟೀಫನ್‌ಗೆ ಮನಸ್ಸು ಬರಲಿಲ್ಲ. ಆ ಹುಡುಗನೇ ವಿಲಿಯಂ ಮಾರ್ಷಲ್, ಮುಂದೆ ಆ ಕಾಲದ ಅತಿದೊಡ್ಡ ಟೂರ್ನಮೆಂಟ್ ವೀರ. ಅವನು ಆಡಿದ್ದು ನಾನು ಆಡಿದಂಥ ಒಬ್ಬರಿಗೊಬ್ಬರ ಈಟಿಯಾಟವಲ್ಲ. 12ನೇ ಶತಮಾನದ ಟೂರ್ನಮೆಂಟ್ ಎಂದರೆ ಹೊಲಗದ್ದೆಯಲ್ಲಿ ಎರಡು ದಂಡುಗಳ ಮುಕ್ತ ಹೊಡೆದಾಟ. ಸಿಕ್ಕವನನ್ನು ಹಿಡಿದು, ಕುದುರೆ ಕಿತ್ತುಕೊಂಡು, ಬಿಡಲು ಹಣ ವಸೂಲಿ. ಕುದುರೆಗೆ ಅಲ್ಲಿ ಬೆಲೆ ಇದ್ದದ್ದು ಅದಕ್ಕೇ.

ಹಾಗಾದರೆ ಆಟದ ಇಂಗ್ಲೆಂಡ್ ಯಾರದು? ವಾಲ್ಟರ್ ಸ್ಕಾಟ್‌ನದು. 1819ರ ಕೊನೆಯಲ್ಲಿ ಹೊರಬಂದ 'ಐವನ್‌ಹೋ' ಕಾದಂಬರಿಯಿಂದ ಹೆಸರುಗಳನ್ನು ಸಾರಾಸಗಟಾಗಿ ಎತ್ತಿದ್ದಾರೆ. ಅದರ ಕಥೆ ಸಿಂಹಹೃದಯಿ ರಿಚರ್ಡ್‌ನ ಕಾಲದ್ದು, 1194ರ ಸುಮಾರಿನದು. ನಾರ್ಮನ್ನರು ಬಂದು ನೂರಿಪ್ಪತ್ತು ವರ್ಷ ಕಳೆದ ಮೇಲೂ ಸ್ಯಾಕ್ಸನ್ನರ ಹಗೆ ಉರಿಯುತ್ತಿತ್ತು ಎನ್ನುವುದು ಸ್ಕಾಟ್ ಕಟ್ಟಿದ ಚಿತ್ರ. ರಾಬಿನ್ ಹುಡ್‌ನನ್ನು ಸ್ಯಾಕ್ಸನ್ನರ ಪಕ್ಷಕ್ಕೆ ಸೇರಿಸಿದ ಕೀರ್ತಿಯೂ ಬಹುಪಾಲು ಅವನದೇ. ಇನ್ನು ಸೆಡ್ರಿಕ್ ಎಂಬ ಹೆಸರು! ಹಳೆಯ ಸ್ಯಾಕ್ಸನ್ ಹೆಸರು ಸರ್ಡಿಕ್. ಸ್ಕಾಟ್ ಅಕ್ಷರ ಅದಲುಬದಲು ಮಾಡಿ ಸೆಡ್ರಿಕ್ ಎಂದು ಬರೆದ. ಅವನ ಪುಸ್ತಕದ ನಂತರ ಇಂಗ್ಲಿಷರು ಮಕ್ಕಳಿಗೆ ಆ ಹೆಸರಿಡತೊಡಗಿದರು. 1149ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬನೇ ಒಬ್ಬ ಸೆಡ್ರಿಕ್ ಇರಲಿಲ್ಲ. ಸ್ಕಾಟ್‌ನ ಮೇಲೆ 1938ರ ಎರಲ್ ಫ್ಲಿನ್‌ನ ರಾಬಿನ್ ಹುಡ್ ಸಿನಿಮಾದ ಬಣ್ಣ ಬಳಿದರೆ ಈ ಆಟ ಸಿದ್ಧ.

ಇಷ್ಟೆಲ್ಲ ತಿಳಿದ ಮೇಲೆ, ಆಟದಲ್ಲಿ ಕವಣೆಯಿಂದ ಎಸೆಯುವ 'ಗ್ರೀಕ್ ಬೆಂಕಿ'ಯೂ ಸುಳ್ಳೇ ಇರಬೇಕೆಂದುಕೊಂಡಿದ್ದೆ. ಅದು ಬೈಜಾಂಟಿಯಂನವರು 7ನೇ ಶತಮಾನದಿಂದ ಹಡಗುಗಳ ಮೇಲೆ ಉಗುಳುತ್ತಿದ್ದ ಬೆಂಕಿ, ಇಂಗ್ಲೆಂಡಿಗೇನು ಸಂಬಂಧ? ಆದರೆ ಮಟಿಲ್ಡಾಳ ಗಂಡ, ಆಂಜೂ ಸೀಮೆಯ ಜೆಫ್ರಿ, 1151ರಲ್ಲಿ ಫ್ರಾನ್ಸಿನ ಮಾಂತ್ರೊಯ್-ಬೆಲೆ ಕೋಟೆಗೆ ಉರಿಯುವ ಎಣ್ಣೆಯ ಪಾತ್ರೆಯನ್ನು ಕವಣೆಯಿಂದ ಎಸೆಯಿಸಿದನೆಂದು ಅವನ ಚರಿತ್ರೆ ಬರೆದ ಸನ್ಯಾಸಿ ಹೇಳುತ್ತಾನೆ. ಆ ಬೆಂಕಿಯನ್ನು ಗ್ರೀಕ್ ಬೆಂಕಿಯೆಂದೇ ಕರೆಯುವುದುಂಟು. ಆಟ ಹೇಳುವ ವರ್ಷಕ್ಕೆ ಎರಡೇ ವರ್ಷ ಆಚೆ. ಹಾರಿಸಿದ ಕಲ್ಲು ಮಾವಿನ ಕಾಯಿಗೇ ತಗುಲಿದಂತಾಯಿತು.

ಸಿನಿಮಾವೇರ್ 1991ರಲ್ಲೇ ಮುಳುಗಿತು, ನಾನು ರಾತ್ರಿ ಕೂತು ಅವರ ಕೋಟೆ ಕೆಡವುತ್ತಿದ್ದ ವರ್ಷವೇ. ಜಾನ್ ವ್ಯಾನ್ ಕ್ಯಾನೆಗೆಮ್ 1990ರಲ್ಲಿ 'ಕಿಂಗ್ಸ್ ಬೌಂಟಿ', 1995ರಲ್ಲಿ 'ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್' ತಂದು ದಂಡು ಮತ್ತು ನಾಯಕ ಎರಡನ್ನೂ ಒಂದೇ ಗಾಡಿಗೆ ಸರಿಯಾಗಿ ಹೂಡಿದ. ಅದು ಬೇರೆಯೇ ಕಥೆ.

ಮೊನ್ನೆ ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಅಮಿಗಾವನ್ನು ಅನುಕರಿಸುವ ಪ್ರೋಗ್ರಾಮ್ ಹಾಕಿಕೊಟ್ಟಳು. ಮೂವತ್ತು ವರ್ಷದ ಮೇಲೆ ಜಿಮ್ ಸ್ಯಾಕ್ಸ್‌ನ ಕೋಟೆಯನ್ನು ಮೊದಲ ಸಲ ಬಣ್ಣದಲ್ಲಿ ಕಂಡೆ. ಕಲ್ಲಿನ ಮೇಲೆ ಬಿದ್ದ ಬೆಳಕನ್ನು ನೋಡುತ್ತ ಆಡುವುದನ್ನೇ ಮರೆತು ಕೂತೆ. ಆಮೇಲೆ ಆಡಿದೆ. ಅರ್ಧ ಗಂಟೆಯಲ್ಲಿ ಗೆದ್ದೆ, ಒಂದೂ ಕುದುರೆ ಸಾಯಲಿಲ್ಲ. ಕೊನೆಯ ನಾರ್ಮನ್ ಕೋಟೆಯ ಮುಂದೆ ಕವಣೆ ನಿಲ್ಲಿಸಿ ಗ್ರೀಕ್ ಬೆಂಕಿಗಾಗಿ ಹುಡುಕಿದೆ. ಇದ್ದದ್ದು ಕಲ್ಲು ಮಾತ್ರ.